ಹನ್ನೊಂದು ಕಾಳು ಮದ್ದು

ಕೆಟ್ನರ್ ಕಣಿವೆಯ ಗುರಿಕಾರರ ಕ್ಲಬ್ಬಿಗೆ ಲ್ಯಾಮರ್ ಡ್ರೈಬೆಲ್ಬಿಸ್ ಬಂದರೆ ಎಲ್ಲರೂ ಕುರ್ಚಿ ಸರಿಸಿ ಜಾಗ ಕೊಡುತ್ತಾರೆ. ಸಾವಿರ ಗಜದಾಚೆ, ಬೆಟ್ಟದ ಬುಡದಲ್ಲಿ ನಿಲ್ಲಿಸಿದ ಕಾಗದದ ಮೇಲೆ ಹತ್ತು ಗುಂಡುಗಳನ್ನು ಒಂದು ಊಟದ ತಟ್ಟೆಯೊಳಗೆ ಕೂರಿಸುವ ಮನುಷ್ಯ ಅವನು. ಪೆನ್ಸಿಲ್ವೇನಿಯಾದ ಆ ಕಡೆ ಇಂಥವರು ಇನ್ನೂ ಕೆಲವರಿದ್ದಾರೆ, ಇಲ್ಲವೆಂದಲ್ಲ. ಆದರೆ ನಲವತ್ತು ವರ್ಷ ಬಿಡದೆ ಕೂರಿಸಿದವನು ಅವನೊಬ್ಬನೇ. ಆ ಹೆಸರಿನಲ್ಲಿ ಅರ್ಧ ಪಾಲು ಅವನ ಹೆಂಡತಿ ಲಿಯೋಟಾಳದು ಎಂಬುದು ಕ್ಲಬ್ಬಿನವರಿಗೆಲ್ಲ ಗೊತ್ತಿತ್ತು, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ. ಹೆಂಗಸೆಂದರೆ ಪಂದ್ಯದ ದಿನ ಶೆಡ್ಡಿನಲ್ಲಿ ಕೋಳಿ-ಜೋಳದ ಸೂಪು ಬಡಿಸುವವಳು ಎಂದು ತಿಳಿದ ಗಂಡಸರು ಅವರು. ಅದಕ್ಕಿಂತ ಹೆಚ್ಚು ತಿಳಿಸಿಕೊಡಲು ಯಾರೂ ಹೋಗಿರಲಿಲ್ಲ.

ಆ ಕ್ಲಬ್ಬಿನಲ್ಲಿ ಯಾರೂ ಅಂಗಡಿಯ ತೋಟಾ ತಂದು ಹೊಡೆಯುವುದಿಲ್ಲ. ಒಮ್ಮೆ ಹೊಡೆದ ಹಿತ್ತಾಳೆ ಚಿಪ್ಪುಗಳನ್ನೇ ತೊಳೆದು, ಮತ್ತೆ ಮದ್ದು ತುಂಬಿ, ಬಾಯಿಗೆ ಹೊಸ ಗುಂಡು ಕೂರಿಸಿ ಮನೆಯಲ್ಲೇ ತೋಟಾ ಮಾಡಿಕೊಳ್ಳುತ್ತಾರೆ. ಮದ್ದೆಂದರೆ ಹಿಟ್ಟಲ್ಲ, ಮುರಿದ ಪೆನ್ಸಿಲ್ ಮೊನೆಯಂಥ ಸಣ್ಣ ಸಣ್ಣ ಕಪ್ಪು ಕಾಳು. ಪ್ರತಿ ತೋಟಾದಲ್ಲೂ ಅದರ ತೂಕ ಒಂದೇ ಇರಬೇಕು. ಹೆಚ್ಚಾದರೆ ಗುಂಡು ಮೇಲೆ ಹೋಗುತ್ತದೆ, ಕಡಿಮೆಯಾದರೆ ಕೆಳಗೆ. ಹತ್ತು ಕಾಳಿನ ವ್ಯತ್ಯಾಸ ಬಂದೂಕಿಗೆ ಏನೂ ಅಲ್ಲ, ಸಾವಿರ ಗಜದಾಚೆಯ ಕಾಗದಕ್ಕೆ ಅದು ಒಂದು ಅಂಗೈ ಅಗಲ. ಹಾಗಾಗಿ ಆ ಊರಿನವರು ಕಾಗದವನ್ನು ನೋಡಿದ ಕೂಡಲೇ ಜಾತಕ ಹೇಳುತ್ತಾರೆ. ತೂತುಗಳು ಅಡ್ಡಕ್ಕೆ ಹರಡಿದ್ದರೆ ಗಾಳಿಯ ಕೆಲಸ, ಉದ್ದಕ್ಕೆ ಹರಡಿದ್ದರೆ ತೂಕದ ಕೆಲಸ.

ಲ್ಯಾಮರ್ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದವನು. ಬೆರಳು ಒಂದೊಂದೂ ದಪ್ಪ. ಮದುವೆಯಾದ ಮೊದಲ ಚಳಿಗಾಲದಲ್ಲಿ ಅವನು ಅಡಿಗೆಮನೆಯ ಮೇಜಿನ ಮೇಲೆ ಮದ್ದು ಚೆಲ್ಲಾಡುವುದನ್ನು ಲಿಯೋಟಾ ಮೂರು ದಿನ ನೋಡಿದಳು. ನಾಲ್ಕನೆಯ ದಿನ, "ಏಳು ಮೇಲೆ. ನಿನ್ನ ಕೈಗೆ ಸ್ಟೀರಿಂಗೇ ಸರಿ" ಎಂದು ಅವನನ್ನು ಎಬ್ಬಿಸಿ ತಾನು ಕೂತಳು. ಅವಳು ಕಾಲುಚೀಲದ ಮಿಲ್ಲಿನಲ್ಲಿ ತಪಾಸಣೆಗೆ ಇದ್ದವಳು. ಚೀಲದೊಳಗೆ ಕೈ ತೂರಿಸಿ, ಬೆರಳು ಅಗಲಿಸಿ, ಬಿಟ್ಟುಹೋದ ಒಂದು ಹೊಲಿಗೆಯನ್ನು ಬೆರಳ ತುದಿಯಲ್ಲೇ ಹಿಡಿಯುವುದು ಅವಳ ಮೂವತ್ತೊಂದು ವರ್ಷದ ಅನ್ನ. ಅಂಥವಳಿಗೆ ಮದ್ದಿನ ಕಾಳು ಯಾವ ಲೆಕ್ಕ?

ಅಂದಿನಿಂದ ಟ್ರಿಗರ್ ಅವನದು, ತಕ್ಕಡಿ ಅವಳದು. ಹಳೆಯ ಅಡ್ಡಕೋಲಿನ ತಕ್ಕಡಿ, ಒಂದು ಕಡೆ ತಟ್ಟೆ, ಇನ್ನೊಂದು ಕಡೆ ಮುಳ್ಳು. ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಅವಳು ತೂಗಲು ಕೂರುವಳು, ಎದುರಿಗೆ ಕೂತು ಅವನು ಹಿತ್ತಾಳೆ ಉಜ್ಜುವನು. ಚಮಚದಿಂದ ಮುಕ್ಕಾಲು ಮದ್ದು ಸುರಿದು, ಉಳಿದದ್ದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಂದೊಂದೇ ಕಾಳು ಬಿಡುತ್ತ ಮುಳ್ಳನ್ನು ಗೆರೆಗೆ ತರುವುದು ಅವಳ ಕ್ರಮ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಆ ದುಃಖ ಹೊಸದಾಗಿದ್ದ ವರ್ಷಗಳಲ್ಲಿ ಒಬ್ಬರ ಮುಖ ಒಬ್ಬರು ನೋಡಲು ಧೈರ್ಯವಾಗದಿದ್ದಾಗಲೂ ಈ ಮೇಜಿಗೆ ಬಂದು ಕೂರುವುದನ್ನು ಇಬ್ಬರೂ ತಪ್ಪಿಸಲಿಲ್ಲ. ಲಿಯೋಟಾಳನ್ನು ಕೇಳಿದ್ದರೆ, ತಮ್ಮ ಮದುವೆ ಉಳಿದದ್ದೇ ಗುರುವಾರಗಳಿಂದ ಎಂದು ಹೇಳುತ್ತಿದ್ದಳು.

ಅರವತ್ತಾರನೆಯ ವಯಸ್ಸಿಗೆ ಅವಳ ಕಣ್ಣು ಕೈಕೊಟ್ಟಿತು. ಎಡಗಣ್ಣಿನ ನಟ್ಟನಡುವೆ ಒಂದು ಮಸುಕು, ಬಲಗಣ್ಣಿಗೂ ಅದೇ ಶುರು. ಇದು ವಾಪಸು ಬರುವಂಥದ್ದಲ್ಲ, ಇನ್ನೂ ಹಾಳಾಗದಂತೆ ನೋಡಿಕೊಳ್ಳಬಹುದು ಅಷ್ಟೆ ಎಂದು ಡಾಕ್ಟರು ನಯವಾಗಿ ಹೇಳಿದರು. ಅವಳು ಮನೆಗೆ ಬಂದು ಬೀಟ್‌ರೂಟ್ ರಸದಲ್ಲಿ ಎಂದಿನಂತೆ ಉಪ್ಪಿನಕಾಯಿಗೆ ಬೇಯಿಸಿದ ಮೊಟ್ಟೆ ನೆನೆಹಾಕಿದಳು, ಯಾರಿಗೂ ಏನೂ ಹೇಳಲಿಲ್ಲ. ಆದರೆ ತಕ್ಕಡಿಯ ಮುಳ್ಳು ಆಗಲೇ ಎರಡಾಗಿ ಕಾಣುತ್ತಿತ್ತು. ಎರಡರಲ್ಲಿ ಯಾವುದನ್ನು ನಂಬಬೇಕೋ ತಿಳಿಯದೆ ಅವಳು ಒಮ್ಮೆ ಒಂದನ್ನು, ಒಮ್ಮೆ ಇನ್ನೊಂದನ್ನು ನಂಬುತ್ತಿದ್ದಳು.

ಮೇ ತಿಂಗಳ ಪಂದ್ಯದಲ್ಲಿ ಲ್ಯಾಮರ್‌ನ ಕಾಗದ ಬಂದಾಗ ಶೆಡ್ಡಿನಲ್ಲಿದ್ದವರೆಲ್ಲ ಅದರ ಮೇಲೆ ಬಗ್ಗಿದರು. ತೂತುಗಳು ಏಣಿ ಇಟ್ಟ ಹಾಗೆ ಮೇಲಿಂದ ಕೆಳಕ್ಕೆ ಇಳಿದಿದ್ದವು. ಹದಿನಾಲ್ಕು ಇಂಚು ಉದ್ದ, ಐದು ಇಂಚು ಅಗಲ.

"ನಂದೇ ತಪ್ಪು. ಉಸಿರು ಹಿಡಿಯೋಕೇ ಆಗ್ಲಿಲ್ಲ ಇವತ್ತು" ಎಂದ ಲ್ಯಾಮರ್, ಯಾರೂ ಕೇಳದಿದ್ದರೂ.

ಲಿಯೋಟಾಳಿಗೆ ಅವನು ಸುಳ್ಳು ಹೇಳುತ್ತಿದ್ದಾನೆಂದು ಗೊತ್ತಾಯಿತು. ನಲವತ್ತು ವರ್ಷದಲ್ಲಿ ಅವನು ಅವಳಿಗೋಸ್ಕರ ಹೇಳಿದ ಮೊದಲ ಸುಳ್ಳು ಅದಲ್ಲವಾದರೂ ಅವಳಿಗೆ ಅಷ್ಟು ನೋವಾದದ್ದು ಅದೇ ಮೊದಲು. ಕಾರಿನಲ್ಲಿ ಕೂತ ಮೇಲೆ ಅವಳು ಎಲ್ಲವನ್ನೂ ಹೇಳಿದಳು, ಡಾಕ್ಟರು ಹೇಳಿದ್ದನ್ನೂ, ಎರಡು ಮುಳ್ಳನ್ನೂ.

"ಹಾಗಾದ್ರೆ ಅಂಕಿ ತೋರ್ಸೋ ತಕ್ಕಡಿ ತಗೊಳ್ಳೋಣ. ದೊಡ್ಡ ದೊಡ್ಡ ಅಂಕಿ ಇರೋದು" ಎಂದ ಲ್ಯಾಮರ್.

"ಆ ಆಟಿಕೇನಾ?"

"ಆಟಿಕೆ ಆದ್ರೇನು, ನಿಂಗೆ ಕಾಣಿಸ್ಬೇಕಲ್ವಾ?"

ಅವಳು ಕೈಚೀಲವನ್ನು ಮಡಿಲಿಗೆಳೆದುಕೊಂಡು, "ನೋಡೋಣ ನಡಿ" ಎಂದಳು.

ಬಂದೂಕಿನ ಅಂಗಡಿಯ ಗ್ಲೆನ್ ಒಳ್ಳೆಯ ಹುಡುಗ, ಆದರೆ ಮಾತು ಜಾಸ್ತಿ. ಲಿಯೋಟಾ ಒಳಗೆ ಬಂದವಳೇ, ತಕ್ಕಡಿಯ ಅಂಕಿ ಅಲುಗದಿರಲೆಂದು, ಅವನಿಂದ ಸೀಲಿಂಗ್ ಫ್ಯಾನ್ ಆಫ್ ಮಾಡಿಸಿದಳು, ಕೌಂಟರಿನ ಮೇಲಿದ್ದ ಅವನ ಫೋನನ್ನು ಕಪಾಟಿಗೆ ಕಳಿಸಿದಳು, ಬಾಗಿಲು ಹಾಕಿಸಿದಳು. ಜೂನ್ ಹತ್ತಿರ ಬಂದಿದ್ದ ಸೆಕೆಯಲ್ಲಿ ಗ್ಲೆನ್ ಬೆವರತೊಡಗಿದ.

"ಮಿಸೆಸ್ ಡ್ರೈಬೆಲ್ಬಿಸ್, ಇದನ್ನ ನೋಡಿ. ಪಾಯಿಂಟ್ ಆದ್ಮೇಲೆ ಎರಡು ಅಂಕಿ ತೋರಿಸುತ್ತೆ. ಬೆಲೇನೂ ಕಡಿಮೆ."

"ತೋರಿಸೋದೇನೋ ತೋರಿಸುತ್ತೆ. ನಿಜ ಹೇಳುತ್ತಾ?"

ಅವಳು ಕೈಚೀಲದಿಂದ ಹಿತ್ತಾಳೆಯ ಬಟ್ಟೊಂದನ್ನು ತೆಗೆದಳು. ಹಳೆಯ ತಕ್ಕಡಿಯನ್ನು ಪರೀಕ್ಷಿಸಲು ಇಟ್ಟುಕೊಂಡಿದ್ದ, ತೂಕ ಗೊತ್ತಿದ್ದ ಬಟ್ಟು. ಅದನ್ನು ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಮೂರನೆಯ ಸಲಕ್ಕೆ ಅಂಕಿ ಬದಲಾಯಿತು. ಐದನೆಯ ಸಲ ಇನ್ನೊಂದು. ತಟ್ಟೆಯ ಅಂಚಿಗಿಟ್ಟರೆ ಬೇರೊಂದು.

"ಇದು ನಮ್ಮ ಲ್ಯಾಮರ್ ಮೀನು ಹಿಡಿದ ಕಥೆ ಹೇಳಿದ ಹಾಗಾಯ್ತು. ಒಂದೊಂದು ಸಲ ಒಂದೊಂದು ತೂಕ. ಒಳಗಿಡಪ್ಪ."

ಗ್ಲೆನ್ ಎರಡನೆಯದನ್ನು ತಂದ. ಅದು ಬರೀ ತಕ್ಕಡಿಯಲ್ಲ, ಯಂತ್ರ. ಗುಂಡಿ ಒತ್ತಿದರೆ ತಾನೇ ಮದ್ದು ಸುರಿದು ತಾನೇ ತೂಗಿ ಸಿಳ್ಳೆ ಹಾಕುತ್ತದೆ.

"ನಿಮ್ಮ ಕ್ಲಬ್ಬಿನ ಎಲ್ವುಡ್ ಗೆರ್ಹಾರ್ಟ್ ಅವರು ಇದನ್ನೇ ಇಟ್ಕೊಂಡಿರೋದು" ಎಂದ ಗ್ಲೆನ್.

"ಅದೇ ತೂಗಿದ್ರೆ ನಾನೇನ್ ಮಾಡ್ಲಿ? ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ಲಾ?"

ಲ್ಯಾಮರ್ ಮುಖ ತಿರುಗಿಸಿ ನಕ್ಕ. ಮೂರನೆಯದು ನೋಡಲು ಮಂಕಾಗಿತ್ತು, ಪಾಯಿಂಟ್ ಆದ ಮೇಲೆ ಒಂದೇ ಅಂಕಿ, ಆದರೆ ಹೆಬ್ಬೆರಳಿನಷ್ಟು ದೊಡ್ಡ ಅಂಕಿ. ಬ್ಯಾಟರಿಯಲ್ಲ, ಗೋಡೆಯ ಕರೆಂಟು. ಲಿಯೋಟಾ ಅದನ್ನು ಬಿಸಿಯೇರಲೆಂದು ಅರ್ಧ ಗಂಟೆ ಹಾಗೇ ಉರಿಯಲು ಬಿಟ್ಟಳು. ಗ್ಲೆನ್ ಗಡಿಯಾರ ನೋಡಿದ, ಲ್ಯಾಮರ್ ಎರಡು ಸಲ ಹೊರಗೆ ಹೋಗಿ ಬಂದ. ಆಮೇಲೆ ಬಟ್ಟನ್ನು ಹತ್ತು ಸಲ ಇಟ್ಟಳು, ಹತ್ತು ಸಲವೂ ಒಂದೇ ಅಂಕಿ. ಅಂಚಿಗಿಟ್ಟಳು, ಅದೇ ಅಂಕಿ. ಕಣ್ಣು ಕಿರಿದು ಮಾಡದೆ ಓದಿದಳು.

"ಇದು ಸರಿ. ಫ್ಯಾನ್ ಹಾಕ್ಕೋ ಈಗ, ಪಾಪ" ಎಂದಳು.

ಮನೆಗೆ ತಂದ ಮೇಲೂ ಅವಳು ಎಚ್ಚರ ಕಡಿಮೆ ಮಾಡಲಿಲ್ಲ. ಕಿಟಕಿಯಿಂದ ದೂರ, ಫ್ರಿಜ್ಜಿನಿಂದ ದೂರ ಜಾಗ ಹುಡುಕಿದಳು. ಉಸಿರು ತಾಗದಿರಲೆಂದು ಪೈ ಮುಚ್ಚುವ ಗಾಜಿನ ಮುಚ್ಚಳವನ್ನು ಪಕ್ಕಕ್ಕೆ ಅಡ್ಡ ಇಟ್ಟಳು. ಗುರುವಾರ ಬಂತು. ತನ್ನ ಹಳೆಯ ಕ್ರಮದಲ್ಲೇ, ಚಮಚದಿಂದ ಮುಕ್ಕಾಲು ಸುರಿದು, ಉಳಿದದ್ದನ್ನು ಒಂದೊಂದೇ ಕಾಳಾಗಿ, ಅಂಕಿ ಬರುವತನಕ, ತಾಳ್ಮೆಯಿಂದ ಬಿಟ್ಟಳು. ಅಂಕಿ ದೊಡ್ಡದಾಗಿ, ಸ್ಪಷ್ಟವಾಗಿ ಕಾಣುತ್ತಿತ್ತು. ಬಹಳ ದಿನದ ಮೇಲೆ ಅವಳು ಕೆಲಸ ಮಾಡುತ್ತ ಗುನುಗಿದಳು. ಎದುರಿಗೆ ಹಿತ್ತಾಳೆ ಉಜ್ಜುತ್ತಿದ್ದವನು ಅದನ್ನು ಕೇಳಿಸಿಕೊಂಡು ಇನ್ನೂ ಜೋರಾಗಿ ಉಜ್ಜಿದ.

ಜೂನ್ ಪಂದ್ಯದಲ್ಲಿ ಕಾಗದ ಬಂತು. ಹದಿನಾರು ಇಂಚು ಉದ್ದ.

ಮೇ ತಿಂಗಳಿಗಿಂತ ಕೆಟ್ಟದ್ದು. ಕಾಗದಗಳನ್ನು ತಂದ ಪಿಕಪ್ ಗಾಡಿಯ ಸುತ್ತ ನಿಂತವರು ಅದನ್ನು ನೋಡಿ ಲಿಯೋಟಾಳನ್ನು ನೋಡದೆ ಇರಲು ಪಟ್ಟ ಕಷ್ಟ ಅವಳಿಗೆ ಚೆನ್ನಾಗಿಯೇ ಕಂಡಿತು. ಅಂಥದ್ದನ್ನು ನೋಡಲು ಅವಳ ಕಣ್ಣಿಗೇನೂ ಆಗಿರಲಿಲ್ಲ. ಆಗ ಬಂದ ಎಲ್ವುಡ್ ಗೆರ್ಹಾರ್ಟ್. ಕ್ಲಬ್ಬಿನ ಕಾರ್ಯದರ್ಶಿ, ಗ್ಯಾರೇಜು ನಡೆಸಿ ನಿವೃತ್ತನಾದವನು, ಊರಿಗೆಲ್ಲ ಉಪಕಾರ ಮಾಡುವ ಆಸಾಮಿ. ಬೇಡವೆಂದರೂ ಬಿಡುವವನಲ್ಲ.

"ಲಿಯೋಟಾ, ಬೇಜಾರು ಮಾಡ್ಕೋಬೇಡ. ವಯಸ್ಸು ಯಾರನ್ನ ಬಿಟ್ಟಿದೆ ಹೇಳು? ಮುಂದಿನ ಪಂದ್ಯಕ್ಕೆ ನಿಮ್ಮ ಚಿಪ್ಪೆಲ್ಲ ನಮ್ಮನೆಗೆ ಕಳ್ಸಿಬಿಡು. ನನ್ನ ಮಿಷನ್ ಒಂದು ಗಂಟೇಲಿ ತುಂಬಿ ಕೊಡುತ್ತೆ. ನೀನು ಆರಾಮಾಗಿ ಇರು."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅದಕ್ಕೇ ಅವಳಿಗೆ ಬೈಯಲೂ ಆಗಲಿಲ್ಲ. ಆರಾಮಾಗಿ ಇರು ಅಂದರೆ ಗುರುವಾರ ಮಧ್ಯಾಹ್ನ ಆ ಮೇಜಿನಿಂದ ಏಳು ಎಂದು ಅರ್ಥ. ಎದ್ದು ಎಲ್ಲಿಗೆ ಹೋಗಬೇಕು?

ಕಾರು ಸೇತುವೆ ದಾಟುವ ತನಕ ಅವಳು ತಡೆದುಕೊಂಡಳು.

"ಎಲ್ವುಡ್‌ಗೇ ಕೊಡು ಲ್ಯಾಮರ್. ನಿನ್ನ ಹೆಸರು ಕೆಡಿಸೋಕೆ ನನಗೆ ಇಷ್ಟ ಇಲ್ಲ."

"ಎಲ್ವುಡ್ ತುಂಬಿದ್ದನ್ನ ನಾನು ಹೊಡೆಯಲ್ಲ."

"ಹಟ ಮಾಡ್ಬೇಡ."

"ಹಟ ಅಲ್ಲ. ಬಿಡೋದಾದ್ರೆ ಇಬ್ರೂ ಬಿಡೋಣ. ಬಂದೂಕನ್ನ ಮಾರಿಬಿಡ್ತೀನಿ."

"ಅದನ್ನೂ ನನ್ನ ತಲೆ ಮೇಲೆ ಹೊರಿಸ್ತೀಯಾ?" ಎಂದು ಅವಳು ಕಿರುಚಿದಳು. ಉಳಿದ ದಾರಿಯುದ್ದಕ್ಕೂ ಇಬ್ಬರೂ ಕಿಟಕಿಯಾಚೆ ಬೇರೆಯವರ ಜೋಳದ ಹೊಲ ನೋಡಿಕೊಂಡು ಬಂದರು.

ಸೋಮವಾರ ಬೆಳಿಗ್ಗೆ ಲ್ಯಾಮರ್ ಹಿತ್ತಲಲ್ಲಿ ಹುರುಳಿಕಾಯಿ ಬಳ್ಳಿಗೆ ಕೋಲು ಕಟ್ಟುತ್ತಿದ್ದ. ಲಿಯೋಟಾ ತಕ್ಕಡಿಯನ್ನು ಗ್ಲೆನ್‌ಗೆ ವಾಪಸು ಕೊಡಲು ಅದರ ಡಬ್ಬಿ ತೆರೆದಳು. ಹಾಕುವ ಮೊದಲು ಒಮ್ಮೆ ನೋಡೋಣವೆಂದು ಕರೆಂಟು ಕೊಟ್ಟು ಅರ್ಧ ಗಂಟೆ ಕಾದು ಬಟ್ಟನ್ನು ಇಟ್ಟಳು. ಅಂಕಿ ಸರಿಯಾಗಿತ್ತು. ತೆಗೆದು ಇಟ್ಟಳು, ಸರಿ. ಹಾಗಾದರೆ ತಕ್ಕಡಿಯದು ತಪ್ಪಿಲ್ಲ, ತನ್ನದೇ. ಕಣ್ಣೇ ತುಂಬಿ ಬಂತು. ಆದರೂ ಕೈ ಸುಮ್ಮನಿರಲಿಲ್ಲ. ಕೊನೆಯ ಸಲಕ್ಕೆ ಎಂದು ಚಮಚದಲ್ಲಿ ಮದ್ದು ಸುರಿದಳು, ಉಳಿದದ್ದನ್ನು ಬೆರಳಲ್ಲಿ ಹಿಡಿದು ಕಾಳು ಕಾಳಾಗಿ ಬಿಡತೊಡಗಿದಳು. ಕಣ್ಣೀರಿನಲ್ಲಿ ಅಂಕಿ ಕಾಣಲಿಲ್ಲ. ಹಾಗಾಗಿ ಅವಳು ಅಂಕಿಯನ್ನು ನೋಡದೆ ಬೆರಳಿನಲ್ಲೇ ಎಣಿಸಿದಳು. ಹನ್ನೊಂದು ಬಿಟ್ಟಳು.

ಕಣ್ಣೊರೆಸಿಕೊಂಡು ನೋಡಿದರೆ ಅಂಕಿ ಕದಲಿರಲಿಲ್ಲ.

ಹನ್ನೊಂದು ಕಾಳು ಬಿದ್ದದ್ದು ನಿಜ. ಮೂವತ್ತೊಂದು ವರ್ಷ ಬಿಟ್ಟುಹೋದ ಹೊಲಿಗೆ ಹಿಡಿದ ಬೆರಳು ಹನ್ನೊಂದನ್ನು ಹನ್ನೊಂದು ಎಂದೇ ಹೇಳುತ್ತದೆ. ಅವಳು ತಟ್ಟೆಯನ್ನು ಎತ್ತಿದಳು, ಮತ್ತೆ ಇಟ್ಟಳು. ಅಂಕಿ ತಟ್ಟನೆ ಮೇಲಕ್ಕೆ ಹಾರಿತು, ಒಂದಲ್ಲ, ಎರಡು ಮೆಟ್ಟಿಲು.

ಲಿಯೋಟಾ ಐದು ನಿಮಿಷ ಕೂತೇ ಇದ್ದಳು. ಮತ್ತೆ ಮಾಡಿದಳು. ಒಂದೊಂದೇ ಕಾಳು ಬಿಟ್ಟರೆ ತಕ್ಕಡಿ ಮಲಗಿರುತ್ತದೆ. ತಟ್ಟೆ ಎತ್ತಿ ಇಟ್ಟರೆ ಎದ್ದು ನಿಜ ಹೇಳುತ್ತದೆ. ಆಮೇಲೆ ಅವಳು ಹಿತ್ತಲ ಬಾಗಿಲಿಗೆ ಓಡಿದಳು.

"ಲ್ಯಾಮರ್! ಬಾ ಇಲ್ಲಿ! ಕೋಲು ಬಿಸಾಕಿ ಬಾ!"

ಅವನು ಯಾರೋ ಬಿದ್ದರೆಂದು ತಿಳಿದು ಮಣ್ಣಿನ ಬೂಟಿನಲ್ಲೇ ಒಳಗೆ ಬಂದ. ಬೂಟಿಗೆ ಅವಳು ಬೈಯಲಿಲ್ಲ. ಅದರಿಂದಲೇ ಅವನಿಗೆ ಇನ್ನೂ ಹೆದರಿಕೆಯಾಯಿತು.

"ಕೂತ್ಕೋ. ನಾನು ಬಿಡ್ತೀನಿ, ನೀನು ಜೋರಾಗಿ ಎಣಿಸು. ಅಂಕಿ ಕದಲಿದ್ರೆ ಹೇಳು."

ಅವನು ಎಣಿಸಿದ. ಏಳು, ಎಂಟು, ಒಂಬತ್ತು. ಹತ್ತಕ್ಕೂ ಕದಲಲಿಲ್ಲ. ಅವಳು ತಟ್ಟೆ ಎತ್ತಿ ಇಟ್ಟಳು. ಅವನ ಹುಬ್ಬು ಮೇಲೇರಿತು.

"ನನ್ನ ಕಣ್ಣಲ್ಲ ಕಣೋ" ಎಂದಳು ಅವಳು, ಅಳುತ್ತಲೂ ನಗುತ್ತಲೂ. "ಮೇ ತಿಂಗಳದ್ದು ನನ್ನ ಕಣ್ಣು, ಒಪ್ಕೋತೀನಿ. ಜೂನ್‌ದು ನನ್ನ ಕಣ್ಣಲ್ಲ!"

ಆಗಿದ್ದು ಇಷ್ಟೆ. ಅಂಥ ಎಷ್ಟೋ ತಕ್ಕಡಿಗಳಿಗೆ, ತೀರಾ ಸಣ್ಣದಾಗಿ, ತೀರಾ ನಿಧಾನವಾಗಿ ಬರುವ ಬದಲಾವಣೆಯನ್ನು ಗಾಳಿಯೋ ಸೆಕೆಯೋ ಎಂದು ತಿಳಿದು ತಳ್ಳಿಹಾಕುವಂತೆ ಮಾಡಿಟ್ಟಿರುತ್ತಾರೆ. ಇಲ್ಲದಿದ್ದರೆ ಅಂಕಿ ದಿನವಿಡೀ ಕುಣಿಯುತ್ತಿರುತ್ತದೆ. ಬಟ್ಟನ್ನು ಧಡಕ್ಕನೆ ಇಟ್ಟರೆ ಅದು ಸರಿಯಾಗಿ ತೂಗುತ್ತದೆ, ಅಂಗಡಿಯಲ್ಲಿ ಅವಳು ಮಾಡಿದ ಪರೀಕ್ಷೆಯೂ ಅದೇ. ಹಳೆಯ ಅಡ್ಡಕೋಲಿನ ತಕ್ಕಡಿಗೆ ಒಂದೊಂದೇ ಕಾಳು ಬಿಡುವುದು ಪೂಜೆಯಷ್ಟು ಶ್ರದ್ಧೆಯ ಕೆಲಸ. ಕ್ಲಬ್ಬಿನ ಹಳಬರೆಲ್ಲ ಕಲಿತದ್ದೂ ಹಾಗೇ. ಒರಟಾಗಿ ಸುರಿಯುವವನಿಗೆ ಈ ತೊಂದರೆಯೇ ಬರುವುದಿಲ್ಲ. ಅವಳ ತಾಳ್ಮೆಯೇ ಅವಳಿಗೆ ಮೋಸ ಮಾಡಿತ್ತು. ಬೇರೆ ಯಾರಾದರೂ ಆಗಿದ್ದರೆ ಇದಕ್ಕೆ ಸಿಟ್ಟಾಗುತ್ತಿದ್ದರು, ಲಿಯೋಟಾಳಿಗೆ ಎಷ್ಟು ಹಗುರಾಯಿತೆಂದರೆ ಅವಳು ಆ ತಕ್ಕಡಿಯ ನೆತ್ತಿ ಸವರಿದಳು.

"ಇದನ್ನ ವಾಪಸ್ ಕೊಟ್ಟು ಬೇರೆ ತರೋಣ" ಎಂದ ಲ್ಯಾಮರ್.

"ಯಾಕೆ? ಇದರ ಗುಣ ಈಗ ಗೊತ್ತಾಯ್ತಲ್ಲ. ಬೇರೆ ತಂದ್ರೆ ಅದರ ಗುಣ ಹೊಸದಾಗಿ ಕಲೀಬೇಕು. ನಿನ್ನನ್ನೂ ನಾನು ಹಾಗೇ ಇಟ್ಕೊಂಡಿರೋದು."

ಅವಳು ಕ್ರಮ ಬದಲಿಸಿದಳು. ತಟ್ಟೆಯನ್ನು ತಕ್ಕಡಿಯಿಂದ ಎತ್ತಿ, ಕೈಯಲ್ಲಿಟ್ಟುಕೊಂಡೇ ಕಾಳು ಹಾಕಿ, ಮತ್ತೆ ಇಟ್ಟು, ಅಂಕಿ ನಿಲ್ಲುವತನಕ ಕಾಯುವುದು. ಒಂದು ತೋಟಾಕ್ಕೆ ನಾಲ್ಕೈದು ಸಲ ಎತ್ತಿ ಇಡಬೇಕು. ಗುರುವಾರದ ಕೆಲಸ ಎರಡು ಗಂಟೆ ಉದ್ದವಾಯಿತು. ಲ್ಯಾಮರ್ ಉಜ್ಜಿದ ಹಿತ್ತಾಳೆಯನ್ನೇ ಮತ್ತೆ ಉಜ್ಜುತ್ತ ಕೂತ, ಎದ್ದು ಹೋಗಲಿಲ್ಲ.

ಜುಲೈ ಪಂದ್ಯದಲ್ಲಿ ಗಾಳಿ ಇತ್ತು. ಕಾಗದ ಬಂದಾಗ ತೂತುಗಳು ಸ್ವಲ್ಪ ಅಡ್ಡಕ್ಕೆ ಹರಡಿದ್ದವು, ಉದ್ದ ಆರೂವರೆ ಇಂಚು. ಲ್ಯಾಮರ್‌ಗೆ ಮೂರನೆಯ ಸ್ಥಾನ. ಮೊದಲ ಸ್ಥಾನ ಗೆದ್ದವನ ಹೆಸರು ಹೇಳಬೇಕಾದ ಅಗತ್ಯವಿಲ್ಲ, ಯಾಕೆಂದರೆ ಎಲ್ಲರೂ ಸೇರಿದ್ದು ಮೂರನೆಯವನ ಕಾಗದದ ಮುಂದೆ.

"ಉಸಿರು ಸರಿಹೋಯ್ತೇನಪ್ಪ ಲ್ಯಾಮರ್?" ಎಂದ ಯಾರೋ.

"ನನ್ನ ಉಸಿರಿಗೆ ಏನೂ ಆಗಿರ್ಲಿಲ್ಲ, ಸುಳ್ಳು ಹೇಳಿದ್ದೆ" ಎಂದ ಲ್ಯಾಮರ್, ಶೆಡ್ಡಿಗೆಲ್ಲ ಕೇಳುವ ಹಾಗೆ. "ತೂಕ ತಪ್ಪಿತ್ತು. ಎಲ್ಲಿ ತಪ್ಪಿತ್ತು ಅಂತ ಕಂಡುಹಿಡಿದೋಳು ಅಲ್ಲಿ ನಿಂತಿದ್ದಾಳೆ. ಹೋಗಿ ಕೇಳಿ. ಸೂಪು ಆಮೇಲೆ ಕುಡೀರಿ."

ಗಂಡಸರು ಹೋಗಿ ಕೇಳಿದರು. ಲಿಯೋಟಾ ಒಂದು ಕೈಯಲ್ಲಿ ಸೌಟು ಹಿಡಿದೇ ಹನ್ನೊಂದು ಕಾಳಿನ ಕಥೆ ಹೇಳಿದಳು. ಇಬ್ಬರು ನಂಬಲಿಲ್ಲ, ಮನೆಗೆ ಹೋಗಿ ತಮ್ಮ ತಕ್ಕಡಿಯಲ್ಲಿ ಮಾಡಿ ನೋಡಿ ಆ ಸಂಜೆಯೇ ಫೋನು ಮಾಡಿದರು. ಎಲ್ವುಡ್ ಮಾತ್ರ ಸೂಪಿಗೂ ನಿಲ್ಲದೆ ಹೋಗಿದ್ದ.

ಮುಂದಿನ ಗುರುವಾರ ಊಟ ಮುಗಿದಿತ್ತು. ಲ್ಯಾಮರ್ ಸಿಂಕಿನ ಮುಂದೆ ನಿಂತು ತಟ್ಟೆ ತೊಳೆಯುತ್ತಿದ್ದ. ಬಾಗಿಲಲ್ಲಿ ಎಲ್ವುಡ್ ಬಂದು ನಿಂತ, ಎರಡೂ ಕೈಯಲ್ಲಿ ತನ್ನ ಯಂತ್ರವನ್ನು ಕೂಸಿನಂತೆ ಎತ್ತಿಕೊಂಡು. ಅದರ ಮೇಲೆ ಅವನ ಹೆಂಡತಿ ಕಳಿಸಿದ ಕಾಕಂಬಿಯ ಪೈ.

"ಲಿಯೋಟಾ, ಇದೂ ಕೊನೇಲಿ ಕಾಳು ಕಾಳಾಗೇ ಸುರಿಯೋದು" ಎಂದ, ಬಾಗಿಲಲ್ಲೇ. "ಹತ್ತರಲ್ಲಿ ಒಂದು ಗುಂಡು ಯಾವಾಗ್ಲೂ ಮೇಲೆ ಹೋಗ್ತಿತ್ತು. ಎಂಟು ವರ್ಷದಿಂದ ಗಾಳಿಗೆ ಬೈತಿದ್ದೀನಿ."

"ಪಾಪ ಗಾಳಿ. ಒಳಗೆ ಬಾ. ಪೈ ಅಲ್ಲಿಡು."

ಅವನು ಕೂತ. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ತಿರುಗಿಸಿದ. ಉಪಕಾರ ಮಾಡಿ ಅಭ್ಯಾಸವಿದ್ದವನಿಗೆ ಕೇಳುವುದು ಕಷ್ಟ. ಲಿಯೋಟಾಳಿಗೆ ಅದು ಅರ್ಥವಾಯಿತು, ಆದರೆ ನೆರವಿಗೆ ಹೋಗಲಿಲ್ಲ. ಜೂನ್ ತಿಂಗಳು ಅಷ್ಟು ಬೇಗ ಮರೆಯುವಂಥದ್ದಾಗಿರಲಿಲ್ಲ.

"ಸೆಪ್ಟೆಂಬರ್‌ನಲ್ಲಿ ದೊಡ್ಡ ಪಂದ್ಯ ಇದೆಯಲ್ಲ. ನನ್ನ ತೋಟಾನೂ ನೀನೇ ತೂಗಿ ಕೊಡ್ತೀಯಾ? ನಾನು ಆಗ ಹಾಗಂದೆ, ಗೊತ್ತು. ತಪ್ಪಾಯ್ತು."

ಸಿಂಕಿನಲ್ಲಿ ನೀರಿನ ಸದ್ದು ನಿಂತಿತು. ಲ್ಯಾಮರ್ ತಿರುಗಲಿಲ್ಲ, ತೊಳೆದ ತಟ್ಟೆಯನ್ನೇ ಹಿಡಿದು ನಿಂತಿದ್ದ.

"ಕಲಿಸ್ಕೊಡ್ತೀನಿ ಎಲ್ವುಡ್" ಎಂದಳು ಲಿಯೋಟಾ. "ಇವತ್ತೇ ಕಲಿಸ್ಕೊಡ್ತೀನಿ, ನೀನು ಸಾಕು ಅನ್ನೋತನಕ ಕಲಿಸ್ಕೊಡ್ತೀನಿ. ಆದ್ರೆ ತೂಗಿ ಕೊಡಲ್ಲ. ನಾನು ತೂಗೋದು ಒಬ್ಬನಿಗೆ ಮಾತ್ರ."

ಎಲ್ವುಡ್ ಟೋಪಿಯನ್ನು ಮೇಜಿನ ಮೇಲಿಟ್ಟ. ಆಮೇಲೆ ಸಿಂಕಿನ ಕಡೆಯಿಂದ, ಬೆನ್ನು ತೋರಿಸಿಕೊಂಡೇ, ಮುದುಕನ ದನಿ ಬಂತು.

"ಆ ಒಬ್ಬ ಯಾರು ಅಂತ ಹೆಸರು ಹೇಳೋಕೇನು ನಾಚಿಕೆನಾ?"

"ಹೇಳಿದ್ರೆ ನೀನು ತಲೆ ಮೇಲೆ ಕೂರ್ತೀಯ. ಕೈ ಒರೆಸ್ಕೊಂಡು ಬಾ, ಹಿತ್ತಾಳೆ ಕಾಯ್ತಾ ಇದೆ."